ಊಟ ನಮ್ಮದು, ಎಚ್ಚರ ಯಾರದು?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಅದರ ಎರಡು ಭಾಗಗಳಿಗಿರುವ ನಂಟು ನಮಗೆ ತಿಳಿದದ್ದು ಮಾತ್ರ ಕಚೇರಿಯಲ್ಲಿ, ಒಂದು ಮಧ್ಯಾಹ್ನ.

ಅಂದು ಡಬ್ಬಿಯ ತುಂಬ ಅನ್ನ, ಹುಳಿ. ಜೊತೆಗೆ ಸಹೋದ್ಯೋಗಿಯೊಬ್ಬರು ಹಂಚಿದ ಜಿಲೇಬಿ. ಎರಡೂವರೆಗೆ ಕಣ್ಣೆಳೆಯುತ್ತಿರುವಾಗ ವೃದ್ಧರೊಬ್ಬರು ಪಿಂಚಣಿಯ ಕಾಗದ ಹಿಡಿದು ಬಂದರು. ಐದು ನಿಮಿಷದ ಕೆಲಸ. ನಾವು ತಲೆಯೆತ್ತದೆ ‘ಕಾಲೇ ಆವಜೋ’ ಎಂದುಬಿಟ್ಟೆವು. ಮರುದಿನ ಅವರು ಮತ್ತೆ ಎರಡು ಬಸ್ಸು ಬದಲಿಸಿ ಬಂದರು. ಜಗಳವಾಡಲಿಲ್ಲ, ಅದೇ ನಮ್ಮನ್ನು ಹೆಚ್ಚು ನೋಯಿಸಿತು. ಊಟ ತಪ್ಪಿದ್ದರಿಂದ ಮಾತೂ ತಪ್ಪಿತ್ತು.

ಊಟ ಅವರವರ ಸ್ವಂತ ವಿಚಾರವೆನ್ನುತ್ತೇವೆ. ನಿಜ. ಆದರೆ ಊಟದ ನಂತರದ ಎಚ್ಚರ? ಅದಕ್ಕೆ ನಾವು ಸಂಬಳ ಪಡೆಯುತ್ತೇವೆ. ಅದು ಎದುರಿಗೆ ನಿಂತವರ ಸ್ವತ್ತಲ್ಲವೆ?

ನ್ಯಾಯವಾಗಿ ಹೇಳಬೇಕಾದರೆ, ತಪ್ಪೆಲ್ಲ ಅನ್ನದ್ದಲ್ಲ. ದೇಹದ ದಿನಚರಿಯಲ್ಲೇ ಮಧ್ಯಾಹ್ನದ ನಂತರ ಒಂದು ಇಳಿತವಿದೆ. ಉಣ್ಣದಿದ್ದರೂ ಅದು ಬರುತ್ತದೆ. ಹೊಟ್ಟೆ ಬಿರಿಯುವಂತೆ ಉಂಡರೆ, ಅದರಲ್ಲೂ ಬಿಳಿ ಅನ್ನ, ಸಿಹಿ ಹೆಚ್ಚಾದರೆ, ಮಂಪರು ಇಮ್ಮಡಿಸಿದಂತಾಗುತ್ತದೆ. ಅದನ್ನೋಡಿಸಲೆಂದು ಸಂಜೆ ಐದಕ್ಕೆ ಕುಡಿದ ಖಡಕ್ ಚಹಾದ ಕೆಫೀನು ರಾತ್ರಿ ಹತ್ತಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ನಿದ್ರೆ ಕೆಡುತ್ತದೆ, ಮರುದಿನದ ತೂಕಡಿಕೆಗೆ ಅದೇ ಬೀಜ.

ಇದೇ ಅಹಮದಾಬಾದಿನ ಕೋಚರಬ್‌ನಲ್ಲಿ 1915ರಲ್ಲಿ ಆಶ್ರಮ ತೆರೆದ ಗಾಂಧೀಜಿ ಅಸ್ವಾದವನ್ನು, ಎಂದರೆ ನಾಲಗೆಯ ಚಪಲಕ್ಕಾಗಿ ತಿನ್ನದಿರುವುದನ್ನು, ಒಂದು ವ್ರತವನ್ನಾಗಿಸಿದರು. ನಮ್ಮಂಥ ಸಂಸಾರಿಗಳಿಗೆ ಅದು ದೂರದ ಮಾತು. ಅಹಮದಾಬಾದಿನ ಫಾಫಡಾ–ಜಿಲೇಬಿ, ವಡೋದರೆಯ ಸೇವ್ ಉಸಳ, ಸೂರತ್ತಿನ ಲೋಚೋ ಇವನ್ನು ಬಿಟ್ಟು ಇಲ್ಲಿ ಬಾಳುವುದೆಂತು? ಆದರೆ ಗೀತೆಯ ಆರನೆಯ ಅಧ್ಯಾಯ ನಮ್ಮಿಂದ ಕೇಳುವುದು ಮಿತವನ್ನು, ಉಪವಾಸವನ್ನಲ್ಲ. ಅಷ್ಟು ನಮ್ಮಿಂದಾದೀತು.

ಚಪಲವನ್ನು ಭಾನುವಾರಕ್ಕಿಡೋಣ. ಕಚೇರಿಯ ದಿನ ಅನ್ನ ಒಂದು ಹಿಡಿ ಕಡಿಮೆ, ಪಲ್ಯ–ಕಾಳು ಒಂದು ಹಿಡಿ ಹೆಚ್ಚು, ಕೊನೆಗೆ ಮಜ್ಜಿಗೆ. ಉಂಡ ಮೇಲೆ ಹತ್ತು ನಿಮಿಷದ ನಡಿಗೆ. ಪ್ರೀತಿಯಿಂದ ಡಬ್ಬಿ ತುಂಬಿದ ಕೈಯನ್ನು ದೂರುವುದು ಬೇಡ. ‘ಸಾಕು’ ಎನ್ನಬೇಕಾದದ್ದು ನಮ್ಮ ಬಾಯಿ. ಇಷ್ಟಾಗಿಯೂ ಕಣ್ಣೆಳೆದರೆ ಮುಖ ತೊಳೆದು ಬಂದು, ಎದುರಿಗೆ ನಿಂತವರಿಗೆ ‘ಬೇಸೋ ಕಾಕಾ’ ಎನ್ನೋಣ.