ಪಂಚೋದುಂಬರ ತ್ಯಾಗವೂ ಹೊಲದ ಕೀಟಗಳೂ



ಆಷಾಢ ಶುಕ್ಲ ಚತುರ್ದಶಿಯಂದು ಮುನಿಸಂಘಗಳು ವರ್ಷಾಯೋಗವನ್ನು ಸ್ಥಾಪಿಸಿ ಒಂದೆಡೆ ನೆಲೆನಿಲ್ಲುತ್ತವೆ. ಮಳೆ ಬಿದ್ದ ನೆಲದಲ್ಲಿ ತ್ರಸಜೀವಗಳು ಲೆಕ್ಕವಿಲ್ಲದಷ್ಟು ಹುಟ್ಟುವ ಕಾಲವದು. ಈರ್ಯಾಸಮಿತಿಗೆ ಭಂಗ ಬಂದೀತೆಂಬ ಎಚ್ಚರದಿಂದ ವಿಹಾರವನ್ನೇ ನಿಲ್ಲಿಸುತ್ತಾರೆ. ಅದೇ ಕಾಲದಲ್ಲಿ ನಮ್ಮ ಗೃಹಸ್ಥನು ಬಿತ್ತನೆ ಮುಗಿಸಿ, ಬೆನ್ನಿಗೆ ಪಂಪನ್ನು ಏರಿಸಿಕೊಂಡು ಹೊಲಕ್ಕೆ ಇಳಿಯುತ್ತಾನೆ. ಬೆಳಗಾವಿ ಸೀಮೆಯ ನಮ್ಮ ಸಮಾಜದಲ್ಲಿ ಒಕ್ಕಲುತನದವರು ಬಹುಮಂದಿ. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಮಾಡುವವನು, ಸೋಸದ ನೀರನ್ನು ಬಾಯಿಗೆ ಇಡದವನು, ಸೂರ್ಯಾಸ್ತದ ಮೇಲೆ ಉಣ್ಣದವನು ಆ ಪಂಪನ್ನು ಹೊತ್ತಾಗ ಅವನ ಅಹಿಂಸಾಣುವ್ರತದ ಗತಿಯೇನು? ವಿಷಕ್ಕೆ ನಾವು ಔಷಧವೆಂದು ಹೆಸರಿಟ್ಟಿದ್ದೇವೆ. ಹೆಸರಿನಿಂದ ಪ್ರಶ್ನೆ ಕರಗುವುದಿಲ್ಲ.

ಉತ್ತರವನ್ನು ಹುಡುಕುವುದಕ್ಕೆ ನಾವೆಲ್ಲರೂ ಬಾಲ್ಯದಿಂದ ಪಾಲಿಸುತ್ತ ಬಂದ ಒಂದು ನಿಯಮದಿಂದಲೇ ತೊಡಗೋಣ. ಹಿಂಸೆಯನ್ನು ಬಿಡಬಯಸುವವನು ಮೊಟ್ಟಮೊದಲು ಮದ್ಯ, ಮಾಂಸ, ಮಧುಗಳನ್ನೂ ಐದು ಉದುಂಬರ ಫಲಗಳನ್ನೂ ಬಿಡತಕ್ಕದ್ದೆಂದು ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಧಿಸಿದ್ದಾರೆ. ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿ ಇವುಗಳ ಹಣ್ಣುಗಳು ತ್ರಸಜೀವಗಳ ಯೋನಿಸ್ಥಾನವೆಂಬುದು ಕಾರಣ. ಇದನ್ನು ಕೇಳಿ ನಕ್ಕವರುಂಟು. ಆದರೆ ಕೀಟಶಾಸ್ತ್ರಜ್ಞರು ಅತ್ತಿಯ ಹಣ್ಣನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕಂಡದ್ದೇನು?

ನಾವು ಅತ್ತಿಯ ಹಣ್ಣೆಂದು ಕರೆಯುವುದು ಒಳಮೊಗವಾಗಿ ಮಡಿಸಿಕೊಂಡ ಒಂದು ಹೂಗೊಂಚಲು. ಅತ್ತಿಯ ಹೂವನ್ನು ಕಂಡವರಿಲ್ಲವೆಂಬ ಜನರ ಮಾತಿಗೆ ಇದೇ ಮೂಲ. ಹೂಗಳೆಲ್ಲ ಆ ಗುಂಡಿನ ಒಳಗೋಡೆಯಲ್ಲಿವೆ. ತುದಿಯಲ್ಲೊಂದು ಕಿರುರಂಧ್ರ. ಎಳ್ಳಿಗಿಂತಲೂ ಸಣ್ಣದಾದ ಒಂದು ಹೆಣ್ಣು ಕಣಜ, ಮೈಗೆ ಪರಾಗವನ್ನು ಅಂಟಿಸಿಕೊಂಡು, ಆ ರಂಧ್ರದಲ್ಲಿ ನುಸುಳುತ್ತದೆ. ನುಸುಳುವಾಗ ಅದರ ರೆಕ್ಕೆಗಳು ಮುರಿದು ಹೊರಗೇ ಉಳಿಯುತ್ತವೆ. ಇನ್ನು ಅದಕ್ಕೆ ಹಿಂದಿರುಗುವ ದಾರಿಯಿಲ್ಲ. ಕೆಲವು ಹೂಗಳಿಗೆ ಪರಾಗವನ್ನು ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯನ್ನಿಟ್ಟು ಅಲ್ಲಿಯೇ ಆಯುಷ್ಯವನ್ನು ಮುಗಿಸುತ್ತದೆ. ವಾರಗಳು ಕಳೆದ ಮೇಲೆ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ಹಣ್ಣಿನ ಗೋಡೆಯನ್ನು ಕೊರೆದು ದಾರಿ ಮಾಡಿ ಸಾಯುತ್ತವೆ. ಹೆಣ್ಣುಗಳು ಆ ದಾರಿಯಲ್ಲಿ ಹೊಸ ಪರಾಗದೊಡನೆ ಹಾರಿಹೋಗುತ್ತವೆ. ಈ ಕುಲದ ಮರಗಳಲ್ಲಿ ಬಹುಪಾಲು ಒಂದೊಂದು ಜಾತಿಗೆ ತನ್ನದೇ ಆದ ಒಂದು ಕಣಜವಿದೆ. ಆ ಕಣಜ ಅಳಿದರೆ ಮರಕ್ಕೆ ಬೀಜವಿಲ್ಲ. ಮರ ಅಳಿದರೆ ಕಣಜಕ್ಕೆ ಮನೆಯಿಲ್ಲ. ಕಾಡಿನಲ್ಲಿ ಬೇರೆ ಹಣ್ಣುಗಳಿಲ್ಲದ ದಿನಗಳಲ್ಲಿ ಮಂಗಟ್ಟೆ, ಕೋತಿ, ಬಾವಲಿಗಳ ಹೊಟ್ಟೆಗೆ ಆಧಾರವಾಗುವುದೂ ಈ ಮರಗಳೇ. ನಾವು ಬಿಟ್ಟ ಹಣ್ಣು ಎಷ್ಟು ಜೀವಗಳ ಸಂಸಾರವೆಂಬುದನ್ನು ನೋಡಿರಿ!

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಹುಳು, ಇರುವೆ, ದುಂಬಿ, ಮನುಷ್ಯ ಎಂದು ಒಂದೊಂದು ಇಂದ್ರಿಯವನ್ನು ಏರಿಸುತ್ತ ಜೀವಗಳನ್ನು ವಿಂಗಡಿಸಿದರು. ತ್ರೀಂದ್ರಿಯವೆಂದು ನಾವೆಣಿಸಿದ ಇರುವೆಗೆ ಕಣ್ಣೂ ಉಂಟೆಂದು ಇಂದಿನ ವಿಜ್ಞಾನಿ ಹೇಳಿದರೆ ಜಗಳಕ್ಕೆ ನಿಲ್ಲಬೇಕಾಗಿಲ್ಲ. ಇಂದ್ರಿಯ ಒಂದು ಹೆಚ್ಚಾದರೆ ನಮ್ಮ ಎಚ್ಚರವೂ ಒಂದು ಪಾಲು ಹೆಚ್ಚಲಿ.

ಇನ್ನು ಹೊಲದ ಮಾತು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ಬಿಡಬೇಕು. ಒಕ್ಕಲಿಗನಿಗೆ ಉದ್ಯೋಗೀ ಹಿಂಸೆ ಪೂರ್ಣವಾಗಿ ತಪ್ಪದು. ಬೆಳೆಯನ್ನು ತಿನ್ನುವ ಹುಳುವಿನ ವಿಷಯದಲ್ಲಿ ಯಾರಾದರೂ ವಿರೋಧೀ ಹಿಂಸೆಯ ಹೆಸರು ಹೇಳಿಯಾರು. ಒಳ್ಳೆಯದು. ಆದರೆ ಅದೇ ಗಿಡದಲ್ಲಿ ಆ ಹುಳುವನ್ನು ತಿಂದು ಬಾಳುವ ಜೇಡ ಯಾರ ವಿರೋಧಿ? ಹೂವಿಗೆ ಬಂದ ತುಡುವೆಜೇನು ಯಾರಿಗೆ ಏನು ಮಾಡಿತ್ತು? ಗಿಡವನ್ನು ಬಗ್ಗಿ ನೋಡದೆ, ನೆರೆಯವನು ಹೊಡೆದನೆಂದು ತಾನೂ ಹೊಡೆಯುವುದು ಕೇವಲ ಪ್ರಮಾದ. ಪ್ರಮಾದದಿಂದ ಪ್ರಾಣವನ್ನು ನೀಗಿಸುವುದೇ ಹಿಂಸೆಯ ಲಕ್ಷಣವೆಂದು ಆಗಮ ಹೇಳುತ್ತದೆ.

ಈ ಪ್ರಮಾದದ ಫಲವನ್ನು ಒಂದು ದೇಶವೇ ಉಂಡಿತು. ಭತ್ತದ ಕಂದು ಜಿಗಿಹುಳು ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೂ ಪರಿಚಿತವೇ. ಅದು ನೀರಿನ ಮಟ್ಟದಲ್ಲಿ, ಬುಡದ ಕಾಂಡಕ್ಕೆ ಅಂಟಿ ರಸ ಹೀರುತ್ತದೆ. ಮೊಟ್ಟೆಗಳನ್ನು ಎಲೆಯ ಕವಚದೊಳಗೆ ಹುದುಗಿಸುತ್ತದೆ. ಮೇಲಿನಿಂದ ಸಿಂಪಡಿಸಿದ ವಿಷ ಜೇಡಗಳನ್ನೂ ಮಿತ್ರಕೀಟಗಳನ್ನೂ ಕೊಲ್ಲುತ್ತದೆ, ಹುದುಗಿದ ಮೊಟ್ಟೆ ಉಳಿಯುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳಿಗೆ ಹೆದರಿಸುವವರೇ ಇಲ್ಲ. ಇಂಡೋನೇಷ್ಯಾದಲ್ಲಿ ಹೊಡೆದಷ್ಟೂ ಹುಳು ಹೆಚ್ಚಿ, ಗದ್ದೆಗಳು ಬೆಂಕಿ ತಗುಲಿದಂತೆ ಒಣಗಿದವು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ಮುಂದೆ ರೈತರನ್ನು ಗದ್ದೆಯಲ್ಲಿಯೇ ಕೂರಿಸಿ ಯಾವ ಕೀಟ ಏನು ಮಾಡುತ್ತದೆಂಬುದನ್ನು ಕಲಿಸಿತು. ವಿಷದ ಬಳಕೆ ಇಳಿಯಿತು, ಬೆಳೆ ಇಳಿಯಲಿಲ್ಲ.

ಮನುಷ್ಯನ ದೇಹಕ್ಕಾಗುವ ಹಾನಿಗೆ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳಲ್ಲಿ ಮಕ್ಕಳು ಅಂಗವೈಕಲ್ಯದಿಂದ ನರಳಿದ ಸಂಗತಿ ಎಲ್ಲರೂ ಬಲ್ಲದ್ದು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ನಿಷೇಧಿಸಿತು.

ಆದುದರಿಂದ ಈ ಚಾತುರ್ಮಾಸದಲ್ಲಿ ಉಪವಾಸದೊಡನೆ ಒಕ್ಕಲುತನದ ಶ್ರಾವಕನು ಇನ್ನೊಂದು ನಿಯಮವನ್ನೂ ಕೈಗೊಳ್ಳಲೆಂದು ನನ್ನ ವಿನಂತಿ: ಗಿಡದ ಬುಡವನ್ನು ಕಣ್ಣಾರೆ ಪರೀಕ್ಷಿಸದೆ, ಕೀಟವನ್ನು ಗುರುತಿಸದೆ ಸಿಂಪಡಿಸೆನು. ಹುಳುವನ್ನು ತಡೆಯುವ ತಳಿಯನ್ನು ಆರಿಸುವುದು, ಯೂರಿಯಾವನ್ನು ಮಿತಿಯಲ್ಲಿಡುವುದು, ಸಾಲುಗಳ ನಡುವೆ ಗಾಳಿಯಾಡಲು ಎಡೆ ಬಿಡುವುದು, ಆಗಾಗ ಗದ್ದೆಯ ನೀರನ್ನು ಬಸಿಯುವುದು ಇವು ಕೃಷಿತಜ್ಞರೇ ಹೇಳುವ ಉಪಾಯಗಳು. ಜೀವ ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹೆಚ್ಚದಂತೆ ನೋಡಿಕೊಳ್ಳುವ ದಾರಿಗಳು. ಅವರು ದೀಪದ ಬಲೆಯನ್ನೂ ಹೇಳುತ್ತಾರೆ. ದೀಪಕ್ಕೆ ಏನೆಲ್ಲ ಬಂದು ಬೀಳುವುದೆಂದು ತಿಳಿದೇ ರಾತ್ರಿಭೋಜನವನ್ನು ಬಿಟ್ಟವರು ನಾವು. ಅದನ್ನು ನಾನು ಹೇಳಲಾರೆ.

ಮನೆಯ ಕಣಜದ ಕಾಳಿಗೂ ಇದೇ ಕ್ರಮ. ಕಾಳುಹುಳು ಎಷ್ಟೋ ವೇಳೆ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಮರಿ ಕಾಳಿನೊಳಗೆ ಬೆಳೆದು ದುಂಡುತೂತು ಮಾಡಿ ಹೊರಬಂದಾಗಲೇ ನಮಗೆ ಕಾಣುವುದು. ಆಗ ಜರಡಿ ಹಿಡಿದು ಫಲವೇನು? ವರ್ಷಕ್ಕೆ ಬೇಕಾದ ತೊಗರಿಯನ್ನು ಸುಗ್ಗಿಯಲ್ಲಿಯೇ ಬೇಳೆ ಮಾಡಿಡಿರಿ. ಇಡಿಗಾಳಿನಲ್ಲಿ ಹೆಚ್ಚುವಂತೆ ಬೇಳೆಯಲ್ಲಿ ಈ ಹುಳು ಹೆಚ್ಚದು. ಹಳೆಯ ಕಾಳಿನ ಚೀಲಕ್ಕೆ ಹೊಸ ಕಾಳನ್ನು ಸುರಿಯಬೇಡಿರಿ. ಮಳೆ ಹಿಡಿಯುವ ಮುನ್ನ, ಆಷಾಢಕ್ಕೆ ಮೊದಲೇ, ಡಬ್ಬಿಗಳನ್ನು ಬಿಸಿಲಿಗೆ ಇಟ್ಟು ಒಣಗಿಸಿಕೊಳ್ಳಿರಿ.