ಬಜೆಟ್ ಬಿದ್ದರೆ ಯಾರು ಬೀಳಬೇಕು?

ಯಶವಂತನಗರದಂಥ ಊರಿನಲ್ಲಿ ಸರ್ಕಾರಿ ಖಜಾನೆಯ ಕಷ್ಟ ಮೊದಲು ತಿಳಿಯುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೆ. ಅಂಗನವಾಡಿ ಕಾರ್ಯಕರ್ತೆಯ ಗೌರವಧನ, ಅಜ್ಜಿಯ ಪಿಂಚಣಿ, ಮೇಷ್ಟ್ರ ಸಂಬಳ ಯಾವುದು ತಡವಾದರೂ ಅಲ್ಲೊಂದು ಪುಟ ತುಂಬುತ್ತದೆ. ಹಾಗಾದರೆ ಶಾಸನಸಭೆಯೇ ಬಜೆಟ್ ಒಪ್ಪದೆ ಹೋದರೆ ಆ ಸಾಲವನ್ನು ಯಾರ ಹೆಸರಿಗೆ ಬರೆಯಬೇಕು?

2019ರ ಜುಲೈನಲ್ಲಿ ನಮ್ಮ ರಾಜ್ಯ ಈ ಪ್ರಶ್ನೆಯ ಅಂಚಿಗೆ ಹೋಗಿ ಬಂದಿತು. ಅದರ ಒಂದು ಎಳೆ ನಮ್ಮ ಸೀಮೆಯದೇ. ಸಂಡೂರು ತಾಲ್ಲೂಕಿನ 3,667 ಎಕರೆಯನ್ನು ಜಿಂದಾಲ್ ಉಕ್ಕಿನ ಕಂಪನಿಗೆ ಮಾರುವ ನಿರ್ಧಾರವನ್ನು ವಿರೋಧಿಸಿ, ಹೊಸಪೇಟೆಯ ಶಾಸಕ ಆನಂದ್ ಸಿಂಗ್ ಜುಲೈ 1ರಂದು ರಾಜೀನಾಮೆ ಕೊಟ್ಟರು. ಅವರ ಹಿಂದೆ ಇನ್ನೂ ಹಲವರು ಹೊರಟರು. 23ರಂದು ಕುಮಾರಸ್ವಾಮಿ ಸರ್ಕಾರ 99–105ರಿಂದ ವಿಶ್ವಾಸಮತ ಸೋತಿತು. ಬಜೆಟ್ ಫೆಬ್ರವರಿಯಲ್ಲೇ ಮಂಡನೆಯಾಗಿದ್ದರೂ ಸದನ ಒಪ್ಪಿದ್ದು ಲೇಖಾನುದಾನವನ್ನು ಮಾತ್ರ. ಅದರ ಅವಧಿ ಜುಲೈ 31ಕ್ಕೆ ಮುಗಿಯುತ್ತಿತ್ತು. ಶಾಸನದ ಒಪ್ಪಿಗೆಯಿಲ್ಲದೆ ಸಂಚಿತ ನಿಧಿಯಿಂದ ಹಣ ತೆಗೆಯಬಾರದೆನ್ನುತ್ತದೆ ಸಂವಿಧಾನದ 266ನೇ ವಿಧಿ. ಆಗಸ್ಟ್‌ನಿಂದ ಸಂಬಳಕ್ಕೂ ದಾರಿಯಿರುತ್ತಿರಲಿಲ್ಲ.

ಬೇರೆ ದೇಶಗಳು ಇದಕ್ಕೆ ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಅಮೆರಿಕದಲ್ಲಿ ಒಪ್ಪಂದವಾಗದಿದ್ದರೆ ಕಚೇರಿಗಳೇ ಮುಚ್ಚುತ್ತವೆ. 2018ರ ಡಿಸೆಂಬರ್‌ನಿಂದ 35 ದಿನ, 2025ರ ಅಕ್ಟೋಬರ್‌ನಿಂದ 43 ದಿನ ಹಾಗಾಯಿತು. ಲಕ್ಷಾಂತರ ನೌಕರರ ಸಂಬಳ ನಿಂತಿತು. ಜಗಳವಾಡಿದ ಸಂಸದರದು ನಿಲ್ಲಲಿಲ್ಲ. ಸ್ಪೇನ್‌ನಲ್ಲಿ ಹಳೆಯ ಬಜೆಟ್ ತಾನಾಗಿಯೇ ಮುಂದುವರಿಯುತ್ತದೆ. 2023ರ ಬಜೆಟ್ಟೇ 2024, 2025ರಲ್ಲೂ ನಡೆಯಿತು. ಅಲ್ಲಿ ನಿರಪರಾಧಿ ಉಪವಾಸ ಬೀಳುವುದಿಲ್ಲ. ಆದರೆ ಈ ವರ್ಷದ ಹೊಸ ಹಸಿವಿಗೆ ಹೋದ ವರ್ಷದ ಲೆಕ್ಕದಲ್ಲಿ ಜಾಗವಿರುವುದಿಲ್ಲ, ಸೋಲು ಯಾರಿಗೂ ನೋಯುವುದೂ ಇಲ್ಲ. ನಮ್ಮ ಸಂಸದೀಯ ಪದ್ಧತಿಯಲ್ಲಿ ಬಜೆಟ್ ಸೋತ ಸರ್ಕಾರವೇ ಇಳಿಯಬೇಕು. ತಪ್ಪಿದವನೇ ಬೀಳುವ ಈ ಕ್ರಮವೇ ಹೆಚ್ಚು ನ್ಯಾಯವೆಂದು ನಾನು ಬಹುಕಾಲ ನಂಬಿದ್ದೆ.

ಜುಲೈ 29 ಆ ನಂಬಿಕೆಯನ್ನು ಅಲುಗಿಸಿತು. ಮೂರು ದಿನದ ಹಿಂದಷ್ಟೇ ಪ್ರಮಾಣವಚನ ಸ್ವೀಕರಿಸಿದ್ದ ಯಡಿಯೂರಪ್ಪನವರು ಅಂದು ಧ್ವನಿಮತದಿಂದ ವಿಶ್ವಾಸ ಗಳಿಸಿದರು. ಅದೇ ದಿನ, ಹಿಂದಿನ ಸರ್ಕಾರ ರೂಪಿಸಿದ್ದ ಬಜೆಟ್ಟಿಗೆ ಹೆಚ್ಚಿನ ಚರ್ಚೆಯಿಲ್ಲದೆ ಒಪ್ಪಿಗೆ ಸಿಕ್ಕಿತು. ಸಂಬಳ ಉಳಿಯಿತು. ನಾನು ಸದನದಲ್ಲಿದ್ದರೂ ಕೈಯೆತ್ತುತ್ತಿದ್ದೆ. ಆದರೆ ಬಜೆಟ್ ಪಾಸಾಗುವುದೂ ಒಂದು ಬಗೆಯ ಸೋಲಾಗಬಲ್ಲದು ಎಂದು ಅನ್ನಿಸಿದ್ದು ಆಗಲೇ. ಬಡವರ ಸಂಬಳವನ್ನು ಮುಂದಿಟ್ಟರೆ ಯಾರೂ ಪ್ರಶ್ನೆ ಕೇಳಲಾರರು. ಅದೇ ಬಡವರ ಪಾಲು ಎಷ್ಟೆಂಬ ಪ್ರಶ್ನೆಯನ್ನೂ.

ಹಾಗಾಗಿ ನನಗೆ ಎರಡೂ ಬೇಕೆನಿಸುತ್ತದೆ. ಸಂಬಳ, ಪಿಂಚಣಿ, ಪಡಿತರ ಯಾರ ಜಗಳಕ್ಕೂ ಕಾಯದೆ ತಾನಾಗಿ ನಡೆಯಲಿ. ಉಳಿದದ್ದು ಇತ್ಯರ್ಥವಾಗುವವರೆಗೆ ಶಾಸಕರು ಸದನ ಬಿಟ್ಟು ಕದಲದಿರಲಿ. ಗಡುವಿಲ್ಲದಿದ್ದರೆ ಯಾರೂ ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಗಡುವು ಇರಲಿ, ಒಪ್ಪಬೇಕಾದವರ ತಲೆಯ ಮೇಲಿರಲಿ. ಉದ್ರಿ ಪುಸ್ತಕದಲ್ಲಿ ಅಂಗಡಿಯವನು ಸಾಲ ಮಾಡಿದವರ ಹೆಸರನ್ನೇ ಬರೆಯುತ್ತಾನೆ, ಪಕ್ಕದ ಮನೆಯವರದ್ದನ್ನಲ್ಲ.