ಗುರಿ ಕಲಿಸುವ ಯಂತ್ರ ಮತ್ತು ಪಾಪದ ಹೊಣೆ

ಶಸ್ತ್ರವಿದ್ಯೆಯನ್ನು ಕಲಿಸುವವನು ಮನುಷ್ಯನೇ ಆಗಿರಬೇಕೆಂಬುದು ಈಚಿನವರೆಗೆ ಯಾರೂ ಪ್ರಶ್ನಿಸದ ಮಾತಾಗಿತ್ತು. ಇಂದು ಹಾಗಿಲ್ಲ. ಅಮೆರಿಕದ ಭೂಸೇನೆಯ ತರಬೇತಿ ಕೊಠಡಿಗಳಲ್ಲಿ ಸೈನಿಕನು ತೆರೆಯ ಮೇಲೆ ಚಲಿಸುವ ಚಿತ್ರಕ್ಕೆ ಗುರಿಯಿಡುತ್ತಾನೆ. ಟ್ರಿಗರನ್ನು ಒತ್ತಿದ ಬಗೆ, ನಳಿಗೆಯ ಅಲುಗಾಟ, ಬಂದೂಕಿನ ಓರೆ ಇವೆಲ್ಲವನ್ನೂ ಅದರಲ್ಲಿ ಅಳವಡಿಸಿದ ಸಂವೇದಕಗಳು ಗ್ರಹಿಸುತ್ತವೆ. ಕೃತಕ ಬುದ್ಧಿಮತ್ತೆಯು ಇಂತಹ ವಿವರಗಳನ್ನು ಹೋಲಿಸಿ, ಒಬ್ಬೊಬ್ಬನ ತಪ್ಪನ್ನೂ ಗುರುತಿಸಿ ತಿದ್ದಬಲ್ಲದು.

ಈ ಗುರುವಿಗೆ ಕೋಪವಿಲ್ಲ, ಆಯಾಸವಿಲ್ಲ. ಕಷಾಯವಿಲ್ಲದ ಜಡವಸ್ತುವಿಗೆ ಕರ್ಮಬಂಧವೂ ಇಲ್ಲ. ಹಾಗಾದರೆ ಈ ಪಾಠದಿಂದ ಮುಂದೆ ಹಿಂಸೆಯು ಸಂಭವಿಸಿದಲ್ಲಿ ಬೋಧಕನ ಪಾಲಿನ ದೋಷವು ಯಾರನ್ನು ಸೇರಬೇಕು?

ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆಸ್ರವಕ್ಕೆ ಜೀವ, ಅಜೀವ ಎಂಬ ಎರಡು ಅಧಿಕರಣಗಳನ್ನು ಹೇಳಿದ್ದಾರೆ. ಸಂರಂಭಾದಿ 3, ಯೋಗ 3, ಕೃತ-ಕಾರಿತ-ಅನುಮತ 3, ಕಷಾಯ 4 ಇವುಗಳ ಗುಣಾಕಾರದಿಂದ ಜೀವಾಧಿಕರಣವು 108 ಬಗೆ. ಯಂತ್ರವು ಅಜೀವಾಧಿಕರಣ, ಅದು ನಿಮಿತ್ತ ಮಾತ್ರ. ರಚಿಸಿದವನು, ರಚಿಸಲು ಹೇಳಿದವನು, ಕಂಡು ಹರ್ಷಿಸಿದವನು, ಕಲಿತು ಪ್ರಯೋಗಿಸಿದವನು ಎಲ್ಲರೂ ತಂತಮ್ಮ ಭಾವಕ್ಕೆ ತಕ್ಕಂತೆ ಫಲಭಾಗಿಗಳು. ನಡುವೆ ಯಂತ್ರವನ್ನು ನಿಲ್ಲಿಸಿದ ಮಾತ್ರಕ್ಕೆ ಈ ಲೆಕ್ಕದಲ್ಲಿ ಒಂದಂಶವೂ ಕಡಿಮೆಯಾಗದು.

ಇದರಿಂದ ದೇಶರಕ್ಷಣೆಯು ನಿಂದ್ಯವೆಂದು ತಿಳಿಯಬಾರದು. ಗೃಹಸ್ಥನು ಬಿಡಲೇಬೇಕಾದುದು ಸಂಕಲ್ಪೀ ಹಿಂಸೆ. ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನು. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನು. ಆದರೆ ಖಡ್ಗವನ್ನು ಹಿರಿಯುವ ಕೌಶಲ್ಯ ಬೇರೆ, ಅದನ್ನು ಒರೆಗೆ ಸೇರಿಸುವ ವಿವೇಕ ಬೇರೆ. ಒಳ್ಳೆಯ ಗುರುವು ಶಿಷ್ಯನ ಮುಖದಲ್ಲಿ ಕ್ರೌರ್ಯವನ್ನು ಕಂಡರೆ ವಿದ್ಯೆಯನ್ನು ತಡೆಹಿಡಿಯಬಲ್ಲನು. ಯಂತ್ರವು ಅಳೆಯುವುದು ಕೈಯ ನಡುಕವನ್ನು; ಗುರಿ ತಾಗಿದಾಗ ಮನದಲ್ಲಿ ಮೂಡುವ ಹಿಂಸಾನಂದ ರೌದ್ರಧ್ಯಾನವು ಅದರ ಅಂಕಪಟ್ಟಿಯಲ್ಲಿ ಇಲ್ಲ.

ಹಿಂಸೆಯ ಉಪಕರಣಗಳನ್ನು ಕೊಡುವುದನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡಗಳ ಸಾಲಿನಲ್ಲಿ ಎಣಿಸಿದ್ದಾರೆ. ಕತ್ತಿ, ಕೊಡಲಿಗಳನ್ನು ಯಾರಿಗೂ ಕೊಡದ ಶ್ರಾವಕನ ಮಗನು ಇಂದು ಕಂಪ್ಯೂಟರಿನ ಮುಂದೆ ಕುಳಿತು ತಂತ್ರಾಂಶ ಬರೆಯುತ್ತಿರಬಹುದು. ಬರೆದುದು ಯಾರ ಕೈ ಸೇರುವುದೆಂದು ಕೇಳದಿರುವುದು ಪ್ರಮಾದವೇ. ಅಷ್ಟಮಿ, ಚತುರ್ದಶಿಗಳಂದು ಉಪವಾಸವಿದ್ದು ಪ್ರತಿಕ್ರಮಣ ಮಾಡುವಾಗ, ಅನ್ನಪಾನಗಳ ದೋಷದೊಡನೆ ಈ ದೋಷವನ್ನೂ ಅವನು ಆಲೋಚಿಸಲಿ. ವ್ರತವು ಹೊಟ್ಟೆಗೆ ಮಾತ್ರವಲ್ಲ, ಕೈಗೆಲಸಕ್ಕೂ ಇದೆ.